ಕಾರ್ಡ್ ಹೊಸದು, ಸೆಟ್ಟಿಂಗ್ ಹಳೆಯದು

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಗೇಮ್ ತೆರೆದ ಮೊದಲ ಹತ್ತು ನಿಮಿಷ ಖುಷಿಯಾಗಿಯೇ ಇದ್ದೆ. ನೆರಳು, ನೀರು, ಬೆಳಕು ಎಲ್ಲ ಹೊಳೆಯುತ್ತಿತ್ತು. ಆಮೇಲೆ ಗೇಮ್ ಒಳಗಿನ ಸಂತೆ ಬೀದಿಗೆ ತಿರುಗಿದೆ. ಚಿತ್ರ ಒಂದು ಕ್ಷಣ ನಿಂತಿತು. ಓಡಿತು. ಮತ್ತೆ ನಿಂತಿತು. ಓಡುವ ಕುದುರೆ ಎಡವಿದ ಹಾಗೆ. ಬೀದಿ ದಾಟಿ ಬಯಲಿಗೆ ಬಂದರೆ ಎಲ್ಲ ಸರಿ. ವಾಪಸ್ ಬೀದಿಗೆ ಹೋದರೆ ಅದೇ ಕಥೆ. ಹಳೆಯ ಕಾರ್ಡ್‌ನಲ್ಲೂ ಇಲ್ಲಿ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಎಣಿಕೆ) ಕಡಿಮೆಯಾಗುತ್ತಿತ್ತು, ಆದರೆ ಹೀಗೆ ಜಗ್ಗುತ್ತಿರಲಿಲ್ಲ.

ನನ್ನ ಪಿಸಿಯ ವಿವರ ಮೊದಲು ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಅದು ಬೇಕು. ಪ್ರೊಸೆಸರ್ ರೈಜೆನ್ 5 5600ಎಕ್ಸ್. ಬೋರ್ಡ್, ಅಂದರೆ ಎಲ್ಲ ಭಾಗ ಕೂರುವ ಮದರ್‌ಬೋರ್ಡ್, ಬಿ550 ಚಿಪ್‌ಸೆಟ್‌ನದು (ಭಾಗಗಳ ನಡುವಿನ ಸಂಪರ್ಕ ನೋಡಿಕೊಳ್ಳುವ ಚಿಪ್ ಅದು). ರ‍್ಯಾಮ್ 8 ಜಿಬಿಯ ಎರಡು ಕಡ್ಡಿ, ಡಿಡಿಆರ್4, 3200ರ ವೇಗದ್ದು. ಹಳೆಯ ಕಾರ್ಡ್ ಜಿಟಿಎಕ್ಸ್ 1060, 6 ಜಿಬಿ. ಹೊಸದು ಆರ್‌ಟಿಎಕ್ಸ್ 4060, 8 ಜಿಬಿ. ವಿಂಡೋಸ್ ಇದ್ದ ಡಿಸ್ಕ್ ಮಾತ್ರ ಇನ್ನೂ ಹಳೆಯದು. ಈ ಪಿಸಿಗೂ ಹಿಂದಿನ ಮಷಿನ್‌ನಿಂದ ಬಿಚ್ಚಿ ತಂದು ಹಾಗೇ ಇಲ್ಲಿ ಸಿಕ್ಕಿಸಿದ್ದೆ, ಎಲ್ಲ ಮತ್ತೆ ಇನ್‌ಸ್ಟಾಲ್ ಮಾಡುವ ಕೆಲಸ ಬೇಡ ಅಂತ. ಈ ಒಂದು ವಿಷಯ ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಜಗ್ಗಾಟ ಕಣ್ಣಿಗೆ ಕಾಣುತ್ತದೆ ನಿಜ, ಆದರೆ ಕಣ್ಣಿನ ಲೆಕ್ಕ ನಂಬಿ ರಿಪೇರಿಗೆ ಇಳಿಯಬಾರದು. ಇವತ್ತು ಜಾಸ್ತಿ ಅನ್ನಿಸಿದ್ದು ನಾಳೆ ಕಡಿಮೆ ಅನ್ನಿಸುತ್ತದೆ. ಹಾಗಾಗಿ ಅಳತೆಗೆ ಒಂದು ದಾರಿ ಗೊತ್ತು ಮಾಡಿಕೊಂಡೆ. ಅದೇ ಸೇವ್ ಫೈಲ್, ಅದೇ ಬಾಗಿಲಿನಿಂದ ಹೊರಟು ಸಂತೆ ಬೀದಿಯ ಆ ತುದಿಯ ಬಾವಿಯವರೆಗೆ ನಡಿಗೆ. ಸುಮಾರು ಒಂದೂವರೆ ನಿಮಿಷ. ಪ್ರತಿ ಸಲ ಮೂರು ಬಾರಿ ನಡೆದು ನಡುವಿನ ಅಂಕಿ ಬರೆದುಕೊಳ್ಳುವುದು. ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಜೊತೆಗೆ "1% ಲೋ" ಅನ್ನುವುದನ್ನೂ ಬರೆದೆ. ಅತಿ ನಿಧಾನವಾಗಿ ಬಂದ ನೂರಕ್ಕೆ ಒಂದು ಪಾಲು ಫ್ರೇಮ್‌ಗಳ ಲೆಕ್ಕ ಅದು. ಜಗ್ಗಾಟ ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ, ಇದರಲ್ಲಿ ಎದ್ದು ಕಾಣುತ್ತದೆ. ನನಗೆ ಬಂದದ್ದು ಸರಾಸರಿ 68, ಲೋ 31. ಎರಡರ ನಡುವೆ ಅರ್ಧಕ್ಕಿಂತ ಜಾಸ್ತಿ ಅಂತರ. ಏನೋ ಒಂದು ಕಡೆ ಕಟ್ಟಿಕೊಂಡಿದೆ ಅಂತ ಇದರರ್ಥ.

ಎಲ್ಲರೂ ಮೊದಲು ಹುಡುಕುವ ಜಾಗದಲ್ಲೇ ನಾನೂ ಹುಡುಕಿದೆ. ಹಳೆಯ ಡ್ರೈವರ್‌ನ (ಕಾರ್ಡನ್ನು ವಿಂಡೋಸ್ ಜೊತೆ ಮಾತಾಡಿಸುವ ತಂತ್ರಾಂಶ) ಚೂರು ಉಳಿದಿರಬಹುದು ಅಂತ ಸೇಫ್ ಮೋಡ್‌ಗೆ ಹೋಗಿ ಡ್ರೈವರ್ ಅಳಿಸುವ ಡಿಡಿಯು ಅನ್ನುವ ತಂತ್ರಾಂಶ ಓಡಿಸಿ, ಪೂರ್ತಿ ಒರೆಸಿ, ಹೊಸದಾಗಿ ಹಾಕಿದೆ. ಸರಾಸರಿ 68 ಇದ್ದದ್ದು 69 ಆಯಿತು. ಬಿಸಿ ನೋಡಿದೆ, 64 ಡಿಗ್ರಿ, ಏನೂ ತೊಂದರೆ ಇಲ್ಲ. ಪವರ್ ಕೇಬಲ್ ಕಿತ್ತು ಮತ್ತೆ ಕ್ಲಿಕ್ ಅನ್ನುವವರೆಗೆ ಒತ್ತಿದೆ. ವಿಂಡೋಸ್‌ನ ಪವರ್ ಪ್ಲಾನ್ ಬದಲಿಸಿದೆ. ಮಾನಿಟರ್ ಕೇಬಲ್ ತಪ್ಪಾಗಿ ಬೋರ್ಡ್‌ನ ಪೋರ್ಟ್‌ಗೆ ಹೋಗಿದೆಯಾ ಅಂತಲೂ ಹಿಂದೆ ಬಗ್ಗಿ ನೋಡಿದೆ. 5600ಎಕ್ಸ್ ಒಳಗೆ ಗ್ರಾಫಿಕ್ಸ್ ಇಲ್ಲ, ಹಾಗೆ ಸಿಕ್ಕಿಸಿದ್ದರೆ ಚಿತ್ರವೇ ಬರುತ್ತಿರಲಿಲ್ಲ. ಆದರೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ನಿಮ್ಮದಾದರೆ ಮೊದಲು ನೋಡಬೇಕಾದದ್ದು ಅದೇ. ಚಿತ್ರ ಬರುತ್ತದೆ, ಕಾರ್ಡ್ ಸುಮ್ನೆ ಕೂತಿರುತ್ತದೆ, ಗೊತ್ತೇ ಆಗುವುದಿಲ್ಲ.

ಎರಡು ಸಂಜೆ ಹೀಗೇ ಹೋಯಿತು. ಕಾರ್ಡ್ ವಾಪಸ್ ಕೊಡೋಣ ಅನ್ನುವ ಯೋಚನೆಯೂ ಬಂತು. ಪೆಟ್ಟಿಗೆ ಕೂಡ ಕೈಗೆತ್ತಿಕೊಂಡಿದ್ದೆ.

ದಾರಿ ತೋರಿಸಿದ್ದು ಒಂದು ಗ್ರಾಫ್. ಜಿಪಿಯು-ಜೆಡ್ ಅನ್ನುವ ಪುಟ್ಟ ತಂತ್ರಾಂಶದಲ್ಲಿ ಸೆನ್ಸರ್ ಪುಟ ಒಂದಿದೆ. ಅದನ್ನು ಪಕ್ಕದ ಮಾನಿಟರ್‌ನಲ್ಲಿ ತೆರೆದಿಟ್ಟು ಬೀದಿಯಲ್ಲಿ ನಡೆದೆ. ಬಯಲಿನಲ್ಲಿ ಕಾರ್ಡ್‌ನ ಬಳಕೆ 97, 98 ಅಂತ ಮೇಲೇ ಇತ್ತು. ಬೀದಿಗೆ ಕಾಲಿಟ್ಟ ಕೂಡಲೇ ಆ ಗೆರೆ ಹಲ್ಲು ಹಲ್ಲಾಗಿ ಮುರಿಯಿತು. 97, 52, 88, 45. ಕಾರ್ಡ್‌ಗೆ ಕೆಲಸ ಭಾರವಾಗಿದ್ದರೆ ಗೆರೆ ಮೇಲೆಯೇ ಇರಬೇಕಲ್ವಾ? ಸರಿ, ಪ್ರೊಸೆಸರ್ ಸುಸ್ತಾಗಿದೆಯಾ ಅಂತ ನೋಡಿದರೆ ಅದರಲ್ಲೂ ಯಾವ ಕೋರ್ ಕೂಡ ತುಂಬಿರಲಿಲ್ಲ. ಅಡುಗೆಯವನೂ ಸುಮ್ಮನಿದ್ದಾನೆ, ಬಡಿಸುವವನೂ ಸುಮ್ಮನಿದ್ದಾನೆ, ಆದರೂ ಎಲೆಗೆ ಊಟ ಬರುತ್ತಿಲ್ಲ. ಹಾಗಾದರೆ ತೊಂದರೆ ಇಬ್ಬರ ನಡುವಿನ ಬಾಗಿಲಿನಲ್ಲಿ.

ಅದೇ ಪುಟದಲ್ಲಿ ಸ್ವಲ್ಪ ಕೆಳಗೆ "ಬಸ್ ಇಂಟರ್‌ಫೇಸ್ ಲೋಡ್" ಅನ್ನುವ ಸಾಲಿತ್ತು. ಇಷ್ಟು ವರ್ಷ ಆ ತಂತ್ರಾಂಶ ಬಳಸಿದ್ದೇನೆ, ಆ ಸಾಲಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಬಯಲಿನಲ್ಲಿ ಅದು ಒಂದಂಕಿಯಲ್ಲಿ ಆಡುತ್ತಿತ್ತು. ಬೀದಿಯಲ್ಲಿ ಕಾರ್ಡ್‌ನ ಬಳಕೆ ಬಿದ್ದಾಗೆಲ್ಲ ಇದು ಮೇಲಕ್ಕೆ ಜಿಗಿಯುತ್ತಿತ್ತು. ಒಂದು ಗೆರೆ ಬೀಳುವುದು, ಇನ್ನೊಂದು ಏಳುವುದು, ಚಿತ್ರ ನಿಲ್ಲುವುದು. ಮೂರೂ ಒಂದೇ ಹೊತ್ತಿಗೆ. ಆಗ ನನಗೆ ಖಾತ್ರಿಯಾಯಿತು. ಕಾರ್ಡ್ ಕಾಯುತ್ತಿದೆ. ಬೋರ್ಡ್‌ನಿಂದ ಬರಬೇಕಾದ ಸರಕು ಹೊತ್ತಿಗೆ ಬರುತ್ತಿಲ್ಲ.

ಇಲ್ಲಿ ಆ ದಾರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದ ಸ್ಲಾಟ್‌ನ ಹೆಸರು ಪಿಸಿಐ ಎಕ್ಸ್‌ಪ್ರೆಸ್. ಅದರಲ್ಲಿ ಲೇನ್‌ಗಳಿರುತ್ತವೆ, ರಸ್ತೆಯ ಲೇನ್ ಇದ್ದ ಹಾಗೆಯೇ. ಎಕ್ಸ್16 ಅಂದರೆ 16 ಲೇನ್, ಎಕ್ಸ್8 ಅಂದರೆ 8. ಪ್ರತಿ ಲೇನ್‌ನ ವೇಗ ತಲೆಮಾರಿನ ಮೇಲೆ ನಿಂತಿದೆ. 2.0ರಲ್ಲಿ ಒಂದು ಲೇನ್ ಸೆಕೆಂಡಿಗೆ 500 ಎಂಬಿ ಸಾಗಿಸುತ್ತದೆ. 3.0ರಲ್ಲಿ ಹತ್ತಿರ ಹತ್ತಿರ 1 ಜಿಬಿ. 4.0ರಲ್ಲಿ ಹತ್ತಿರ ಹತ್ತಿರ 2 ಜಿಬಿ. ಕಾರ್ಡ್ ಮತ್ತು ಬೋರ್ಡ್ ಎರಡೂ ಸೇರಿ, ಇಬ್ಬರಿಗೂ ಆಗುವ ಅತಿ ಜಾಸ್ತಿ ವೇಗಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ. ಒಬ್ಬರು ನಿಧಾನ ಅಂದರೆ ಇನ್ನೊಬ್ಬರೂ ನಿಧಾನ.

ಆ ಒಪ್ಪಂದ ಏನಾಗಿದೆ ಅಂತ ಜಿಪಿಯು-ಜೆಡ್‌ನ ಮೊದಲ ಪುಟದಲ್ಲೇ ಕಾಣುತ್ತದೆ. "ಬಸ್ ಇಂಟರ್‌ಫೇಸ್" ಅನ್ನುವ ಸಾಲಿನಲ್ಲಿ ಅಟ್ ಚಿಹ್ನೆಯ ಎಡಕ್ಕೆ ಆಗಬಹುದಾದದ್ದು, ಬಲಕ್ಕೆ ಈಗ ನಿಜವಾಗಿ ನಡೆಯುತ್ತಿರುವುದು. ನನ್ನದರಲ್ಲಿ ಬಲಕ್ಕೆ "ಎಕ್ಸ್8 1.1" ಅಂತ ಇತ್ತು. ಎದೆ ಧಸಕ್ ಅಂತು. 16 ಎಲ್ಲಿ ಹೋಯಿತು? 4.0 ಎಲ್ಲಿ ಹೋಯಿತು?

ಇವೆರಡೂ ತಪ್ಪು ಗಾಬರಿ. ಹಲವರು ಇಲ್ಲೇ ದಾರಿ ತಪ್ಪುತ್ತಾರೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಆರ್‌ಟಿಎಕ್ಸ್ 4060 ಹುಟ್ಟಿನಿಂದಲೇ 8 ಲೇನ್‌ನ ಕಾರ್ಡ್. ಸ್ಲಾಟ್‌ನಲ್ಲಿ 16 ಇದ್ದರೂ ಅದು ಬಳಸುವುದು 8 ಮಾತ್ರ. ಎಎಮ್‌ಡಿಯ ಆರ್‌ಎಕ್ಸ್ 6600 ಕೂಡ ಹಾಗೆಯೇ. ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಂತೂ 4 ಮಾತ್ರ. ಇನ್ನು 1.1 ಅನ್ನುವುದು ವಿದ್ಯುತ್ ಉಳಿಸುವ ಉಪಾಯ. ಡೆಸ್ಕ್‌ಟಾಪ್ ನೋಡುತ್ತಾ ಸುಮ್ನೆ ಕೂತಾಗ ಕಾರ್ಡ್ ಆ ದಾರಿಯ ವೇಗವನ್ನು ತಾನೇ ಇಳಿಸುತ್ತದೆ, ಕೆಲಸ ಬಂದಾಗ ಏರಿಸುತ್ತದೆ. ಹಾಗಾಗಿ ಕೆಲಸ ಕೊಟ್ಟೇ ನೋಡಬೇಕು. ಆ ಸಾಲಿನ ಪಕ್ಕದಲ್ಲಿ ಪುಟ್ಟ ಪ್ರಶ್ನೆ ಚಿಹ್ನೆಯ ಗುಂಡಿ ಇದೆ. ಒತ್ತಿದರೆ ಕಾರ್ಡ್‌ಗೆ ಹಗುರ ಕೆಲಸ ಕೊಡುವ ಒಂದು ಕಿಟಕಿ ತೆರೆಯುತ್ತದೆ.

ಒತ್ತಿದೆ. ಕಿಟಕಿಯಲ್ಲಿ ಚಿತ್ರ ತಿರುಗಲು ಶುರುವಾಯಿತು. ನಾನು ಆ ಅಂಕಿಯನ್ನೇ ನೋಡುತ್ತಿದ್ದೆ. 1.1 ಹೋಗಿ 2.0 ಬಂತು. ಅಲ್ಲೇ ನಿಂತಿತು. ಒಂದು ನಿಮಿಷ ಕಾದೆ. 2.0. ಗೇಮ್ ತೆರೆದು ಹಿಂದೆ ಇಟ್ಟು ನೋಡಿದೆ. ಆಗಲೂ 2.0.

ಬಿ550 ಬೋರ್ಡ್‌ನ ಮೊದಲ ಸ್ಲಾಟ್ 4.0. ಪ್ರೊಸೆಸರ್ 4.0. ಕಾರ್ಡ್ 4.0. ಮೂರೂ 4.0 ಆಗಿರುವಾಗ 2.0ಕ್ಕೆ ಒಪ್ಪಂದ ಮಾಡಿಸಿದವರು ಯಾರು?

ಆ ಪ್ರಶ್ನೆ ಹಿಡಿದು ಕ್ಯಾಬಿನೆಟ್ ಕಡೆ ನೋಡುತ್ತಾ ಕೂತಿದ್ದೆ. ಕೆಳಗೆ ಡ್ರಾಯರ್‌ನಲ್ಲಿ ಹಳೆಯ ರೈಸರ್ ಕೇಬಲ್‌ನ ಚಪ್ಪಟೆ ಪಟ್ಟಿ ಇಣುಕುತ್ತಿತ್ತು. ಆಗ ನೆನಪಾಯಿತು.

1060 ಇದ್ದಾಗ ಅದನ್ನು ಕ್ಯಾಬಿನೆಟ್‌ನಲ್ಲಿ ನಿಲ್ಲಿಸಿ ಇಟ್ಟಿದ್ದೆ, ಗಾಜಿನಿಂದ ಫ್ಯಾನ್ ಕಾಣಲಿ ಅಂತ. ಹಾಗೆ ನಿಲ್ಲಿಸಲು ಸ್ಲಾಟ್‌ನಿಂದ ಕಾರ್ಡ್‌ಗೆ ಒಂದು ರೈಸರ್ ಕೇಬಲ್ ಬೇಕು. ನನ್ನ ಕೇಬಲ್ ಅಷ್ಟು ಒಳ್ಳೆಯದಾಗಿರಲಿಲ್ಲ. ಆಗಾಗ ಪರದೆ ಕಪ್ಪಾಗುತ್ತಿತ್ತು. ವಿಂಡೋಸ್‌ನ ಇವೆಂಟ್ ವ್ಯೂಯರ್‌ನಲ್ಲಿ "ವೀಯಾ ಲಾಗರ್" ಹೆಸರಿನಲ್ಲಿ ಇವೆಂಟ್ 17 ಸಾಲುಗಟ್ಟಿ ಬಿದ್ದಿತ್ತು. ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿ ತಪ್ಪಾಗಿ ತಲುಪಿದ್ದನ್ನು ಸರಿಪಡಿಸಿದ್ದೇನೆ ಅಂತ ಪಿಸಿ ಬರೆದಿಡುವ ದೂರು ಅದು. ಆಗ ನಾನು ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡ್‌ನ ತಂತ್ರಾಂಶ, ಅದರ ಸೆಟ್ಟಿಂಗ್‌ಗಳ ಜಾಗ) ಹೋಗಿ ಆ ಸ್ಲಾಟ್‌ನ ವೇಗವನ್ನು ಆಟೋದಿಂದ ತೆಗೆದು ಜೆನ್ 2ಕ್ಕೆ, ಅಂದರೆ ತಲೆಮಾರು 2.0ಕ್ಕೆ, ಕಟ್ಟಿಹಾಕಿದ್ದೆ. ದೂರು ನಿಂತಿತು, ಪರದೆ ಕಪ್ಪಾಗುವುದೂ ನಿಂತಿತು. ಗೇಮ್‌ನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆಮೇಲೆ ಮರೆತೂ ಹೋಯಿತು. ಹೊಸ ಕಾರ್ಡ್ ಬಂದಾಗ ರೈಸರ್ ತೆಗೆದು ಕಾರ್ಡನ್ನು ನೇರ ಸ್ಲಾಟ್‌ಗೇ ಹಾಕಿದೆ. ಕೇಬಲ್ ಹೋಯಿತು, ಅದಕ್ಕಾಗಿ ಹಾಕಿದ ಕಟ್ಟು ಉಳಿಯಿತು.

ಆಗ ಗೊತ್ತಾಗದ ನಷ್ಟ ಈಗ ಯಾಕೆ ಇಷ್ಟು ದೊಡ್ಡದಾಯಿತು? ಈ ಲೆಕ್ಕ ನನಗೆ ತುಂಬಾ ಹಿಡಿಸಿತು. 1060 ಪೂರ್ತಿ 16 ಲೇನ್‌ನ ಕಾರ್ಡ್. 2.0ರಲ್ಲಿ 16 ಲೇನ್ ಅಂದರೆ ಸೆಕೆಂಡಿಗೆ 8 ಜಿಬಿ. ಆ ಕಾರ್ಡ್‌ಗೆ ಅದು ಸಾಕಾಗಿತ್ತು. ಹೊಸ ಕಾರ್ಡ್‌ನಲ್ಲಿ 8 ಲೇನ್ ಮಾತ್ರ. ಅದೇ 2.0ರಲ್ಲಿ 4 ಜಿಬಿ. ಸಿಗಬೇಕಾಗಿದ್ದದ್ದು 4.0ರ ಲೆಕ್ಕದಲ್ಲಿ 16 ಜಿಬಿಯ ಹತ್ತಿರ. ಅಂದರೆ ಹೊಸ, ಇನ್ನೂ ಚುರುಕಾದ ಕಾರ್ಡ್‌ಗೆ ಹಳೆಯದಕ್ಕಿಂತ ಅರ್ಧ ಅಗಲದ ದಾರಿ ಕೊಟ್ಟಿದ್ದೆ. ಲೇನ್ ಕಡಿಮೆ ಇರುವ ಕಾರ್ಡ್‌ಗಳು ಆ ಕೊರತೆಯನ್ನು ತಲೆಮಾರಿನ ವೇಗದಿಂದ ತುಂಬಿಕೊಳ್ಳುತ್ತವೆ. ಆ ವೇಗವನ್ನೂ ಕಿತ್ತುಕೊಂಡರೆ ಅವುಗಳ ಹತ್ತಿರ ಉಳಿಯುವುದು ಏನೂ ಇಲ್ಲ. 3.0 ಬೋರ್ಡ್ ಇರುವವರು ಎಕ್ಸ್8, ಎಕ್ಸ್4 ಕಾರ್ಡ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಬಯಲಿನಲ್ಲಿ ಎಲ್ಲ ಸರಿಯಿದ್ದು ಬೀದಿಯಲ್ಲಿ ಮಾತ್ರ ಯಾಕೆ ಜಗ್ಗುತ್ತಿತ್ತು ಅನ್ನುವುದಕ್ಕೂ ಇಲ್ಲೇ ಉತ್ತರ. ಕಾರ್ಡ್‌ನ ಸ್ವಂತ ಮೆಮೊರಿ ಸೆಕೆಂಡಿಗೆ 272 ಜಿಬಿ ಓದಬಲ್ಲದು. ಬೇಕಾದದ್ದೆಲ್ಲ ಅದರಲ್ಲೇ ಇದ್ದರೆ ಸ್ಲಾಟ್‌ನ ದಾರಿಗೆ ಕೆಲಸ ಕಡಿಮೆ. ಸಂತೆ ಬೀದಿಯಲ್ಲಿ ನೂರೆಂಟು ಬಗೆಯ ವಸ್ತು. ನಾನು ಟೆಕ್ಸ್‌ಚರ್ ಅನ್ನು, ಅಂದರೆ ವಸ್ತುಗಳ ಮೈಗೆ ಹೊದಿಸುವ ಚಿತ್ರಗಳ ಗುಣಮಟ್ಟವನ್ನು, ಅತಿ ಎತ್ತರಕ್ಕೆ ಇಟ್ಟಿದ್ದೆ. 8 ಜಿಬಿ ತುಂಬಿ ತುಳುಕಿ, ಕೆಲವನ್ನು ಹೊರಗೆ ಹಾಕಿ ಕೆಲವನ್ನು ರ‍್ಯಾಮ್‌ನಿಂದ ತರಿಸುವ ಕೆಲಸ ನಡೆಯುತ್ತಿತ್ತು. ಆ ಓಡಾಟ ಪೂರ್ತಿ ಕಿರಿದಾದ ದಾರಿಯಲ್ಲೇ.

ಪಿಸಿ ಮತ್ತೆ ಶುರು ಮಾಡಿ ಬಯಾಸ್ ಒಳಗೆ ಹೋದೆ. ಆ ಸಾಲು ಹುಡುಕಲು ಸಮಯ ಹಿಡಿಯಿತು. ಪ್ರತಿ ಬೋರ್ಡ್‌ನಲ್ಲೂ ಅದಕ್ಕೆ ಬೇರೆ ಹೆಸರು, ಬೇರೆ ಜಾಗ. ಈಸಿ ಮೋಡ್‌ನಲ್ಲಿ ಕಾಣುವುದಿಲ್ಲ, ಅಡ್ವಾನ್ಸ್‌ಡ್‌ಗೆ ಹೋಗಬೇಕು. ನನ್ನದರಲ್ಲಿ ಚಿಪ್‌ಸೆಟ್ ಪುಟದ ಒಳಗೊಂದು ಪುಟದಲ್ಲಿ, ಸ್ಲಾಟ್ ಹೆಸರಿನ ಮುಂದೆ "ಲಿಂಕ್ ಸ್ಪೀಡ್" ಅಂತ ಇತ್ತು. ಮುಂದೆ "ಜೆನ್ 2". ನನ್ನ ಕೈಯಿಂದಲೇ ಬರೆದದ್ದು, ಅಲ್ಲೇ ಕೂತಿತ್ತು. ಫೋನ್ ತೆಗೆದು ಆ ಪರದೆಯ ಫೋಟೊ ತೆಗೆದುಕೊಂಡೆ. ಆಮೇಲೆ "ಆಟೋ" ಮಾಡಿದೆ. ಬೇರೆ ಯಾವುದನ್ನೂ ಮುಟ್ಟಲಿಲ್ಲ. ಸೇವ್ ಮಾಡಿ ಹೊರಗೆ ಬಂದೆ.

ವಿಂಡೋಸ್ ಬಂತು. ಪ್ರಶ್ನೆ ಚಿಹ್ನೆ ಒತ್ತಿದೆ. 1.1 ಇದ್ದದ್ದು 4.0 ಆಯಿತು.

ಬೀದಿಯಲ್ಲಿ ಮೂರು ಸಲ ನಡೆದೆ. ಸರಾಸರಿ 84, ಲೋ 57. ಆ ಲೋ ನೋಡಿ ಕುರ್ಚಿಯಿಂದ ಎದ್ದು ನಿಂತೆ. 31 ಇದ್ದದ್ದು 57. 3ಡಿಮಾರ್ಕ್ ಅನ್ನುವ ಅಳತೆಯ ತಂತ್ರಾಂಶದಲ್ಲಿ ಪಿಸಿಐ ಎಕ್ಸ್‌ಪ್ರೆಸ್ ದಾರಿಯನ್ನೇ ಅಳೆಯುವ ಒಂದು ಪರೀಕ್ಷೆ ಇದೆ. ಮೊದಲೇ ಓಡಿಸಿ ಇಟ್ಟುಕೊಂಡಿದ್ದೆ, ಸೆಕೆಂಡಿಗೆ 3 ಜಿಬಿಯ ಆಸುಪಾಸು ಬಂದಿತ್ತು. ಈಗ 13ರ ಹತ್ತಿರ ಬಂತು. ಬೀದಿಯಲ್ಲಿ ನಿಂತು ಸುಮ್ನೆ ಕ್ಯಾಮೆರಾ ತಿರುಗಿಸುತ್ತಾ ಇದ್ದೆ. ಬಟ್ಟೆಯ ಅಂಗಡಿ, ಮಡಕೆಯ ರಾಶಿ, ಬಾವಿ. ಎಲ್ಲ ನೀರಿನ ಹಾಗೆ ಹರಿಯುತ್ತಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ಜಿಪಿಯು-ಜೆಡ್‌ನಲ್ಲಿ "ರೀಸೈಜಬಲ್ ಬಾರ್" ಮುಂದೆ "ಡಿಸೇಬಲ್ಡ್" ಅಂತ ಇತ್ತು. ಚಿಕ್ಕದಾಗಿ ರೀಬಾರ್ ಅನ್ನುತ್ತಾರೆ. ಹಳೆಯ ಪದ್ಧತಿಯಲ್ಲಿ ಪ್ರೊಸೆಸರ್ ಕಾರ್ಡ್‌ನ ಮೆಮೊರಿಯನ್ನು ಒಂದು ಪುಟ್ಟ ಕಿಟಕಿಯಿಂದ ಮಾತ್ರ ನೋಡುತ್ತದೆ. ಒಂದು ಸಲಕ್ಕೆ 256 ಎಂಬಿ. ಬೇರೆ ಜಾಗ ಬೇಕಾದರೆ ಕಿಟಕಿಯನ್ನೇ ಸರಿಸಬೇಕು. ರೀಬಾರ್ ಇದ್ದರೆ ಪೂರ್ತಿ 8 ಜಿಬಿ ಒಟ್ಟಿಗೆ ಕಾಣುತ್ತದೆ. ಪಿಸಿಐ ಎಕ್ಸ್‌ಪ್ರೆಸ್ ನಿಯಮಗಳಲ್ಲಿ ಇದು 2008ರಿಂದಲೇ ಇದೆ. ಗೇಮ್ ಆಡುವವರ ಬಾಯಿಗೆ ಬಂದದ್ದು 2020ರ ಕೊನೆಗೆ, ಎಎಮ್‌ಡಿ ಇದನ್ನು ಸ್ಮಾರ್ಟ್ ಆಕ್ಸೆಸ್ ಮೆಮೊರಿ ಹೆಸರಿನಲ್ಲಿ ತಂದಾಗ. ನನ್ನ ಕಾರ್ಡ್‌ನ ಕಂಪನಿ ಎನ್‌ವಿಡಿಯಾ 2021ರಲ್ಲಿ ತಂದಿತು.

ಇದನ್ನು ಆನ್ ಮಾಡಲು ಒಂದೇ ಗುಂಡಿ ಸಾಲದು. "ಅಬೋವ್ 4ಜಿ ಡಿಕೋಡಿಂಗ್" (ಕಾರ್ಡ್‌ನ ಮೆಮೊರಿಗೆ 4 ಜಿಬಿ ಮೇಲಿನ ವಿಳಾಸ ಕೊಡಲು ಬಿಡುವ ಸೆಟ್ಟಿಂಗ್) ಆನ್ ಇರಬೇಕು. "ಸಿಎಸ್‌ಎಮ್" ಆಫ್ ಇರಬೇಕು. ಸಿಎಸ್‌ಎಮ್ ಅಂದರೆ ಹಳೆಯ ರೀತಿಯಲ್ಲಿ ಬೂಟ್ ಆಗುವ ಡಿಸ್ಕ್‌ಗಳಿಗಾಗಿ ಬಯಾಸ್ ಇಟ್ಟುಕೊಂಡಿರುವ ಹೊಂದಾಣಿಕೆ. ನನ್ನದರಲ್ಲಿ ಅದು ಆನ್ ಇತ್ತು. ಆಫ್ ಮಾಡಿ ಸೇವ್ ಒತ್ತಿದೆ.

ಪಿಸಿ ಶುರುವಾಗಿ ನೇರ ಬಯಾಸ್‌ಗೇ ಬಂತು. ಇನ್ನೊಮ್ಮೆ ಶುರು ಮಾಡಿದೆ. ಮತ್ತೆ ಬಯಾಸ್. ಬೂಟ್ ಪಟ್ಟಿಯಲ್ಲಿ ನನ್ನ ಡಿಸ್ಕ್ ಇರಲೇ ಇಲ್ಲ. ಡಿಸ್ಕ್ ಹೋಯಿತಾ, ಒಳಗಿದ್ದ ಫೋಟೊ, ಕೆಲಸದ ಫೈಲ್ ಎಲ್ಲ ಹೋಯಿತಾ ಅಂತ ಕೈ ತಣ್ಣಗಾಯಿತು.

ಏನೂ ಹೋಗಿರಲಿಲ್ಲ. ನಿಮಗೂ ಹೀಗಾದರೆ ಹೆದರಬೇಡಿ. ಸಿಎಸ್‌ಎಮ್ ಮತ್ತೆ ಆನ್ ಮಾಡಿದೆ, ವಿಂಡೋಸ್ ಮೊದಲಿನ ಹಾಗೇ ಬಂತು. ಹಳೆಯ ಮಷಿನ್‌ನಿಂದ ತಂದ ಡಿಸ್ಕ್ ಅಂತ ಮೊದಲೇ ಹೇಳಿದೆನಲ್ಲ, ಅದರ ವಿಭಾಗ ಪಟ್ಟಿ ಎಂಬಿಆರ್ ಅನ್ನುವ ಹಳೆಯ ರೀತಿಯದು. ಸಿಎಸ್‌ಎಮ್ ಆಫ್ ಆದರೆ ಉಳಿಯುವುದು ಯುಇಎಫ್‌ಐ ಅನ್ನುವ ಹೊಸ ಬೂಟ್ ರೀತಿ ಮಾತ್ರ, ಅದರಲ್ಲಿ ವಿಂಡೋಸ್ ಬೂಟ್ ಆಗಲು ಜಿಪಿಟಿ ಅನ್ನುವ ಹೊಸ ರೀತಿಯ ಪಟ್ಟಿ ಬೇಕು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್‌ನ ಪ್ರಾಪರ್ಟೀಸ್ ತೆರೆದು, ವಾಲ್ಯೂಮ್ಸ್ ಪುಟ ನೋಡಿದರೆ ಯಾವುದು ಅಂತ ಬರೆದಿರುತ್ತದೆ. ಸಿಎಸ್‌ಎಮ್ ಮುಟ್ಟುವ ಮೊದಲು ಇದನ್ನು ನೋಡಿದ್ದರೆ ಆ ಹತ್ತು ನಿಮಿಷದ ಭಯ ತಪ್ಪುತ್ತಿತ್ತು.

ಎಂಬಿಆರ್ ಡಿಸ್ಕನ್ನು ಒಳಗಿನ ಫೈಲ್ ಅಳಿಸದೆ ಜಿಪಿಟಿ ಮಾಡಲು ವಿಂಡೋಸ್ 10ರಲ್ಲೇ ಒಂದು ಸಾಧನ ಇದೆ, ಎಂಬಿಆರ್2ಜಿಪಿಟಿ ಅಂತ. 1703ನೇ ಆವೃತ್ತಿಯಿಂದ ಬಂದದ್ದು. ಮೊದಲು ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಬ್ಯಾಕಪ್ ತೆಗೆದೆ. ಅಳಿಸುವುದಿಲ್ಲ ಅಂತ ಹೇಳಿದರೂ ವಿಭಾಗ ಪಟ್ಟಿಗೆ ಕೈ ಹಾಕುವ ಕೆಲಸವನ್ನು ಬ್ಯಾಕಪ್ ಇಲ್ಲದೆ ನಾನು ಮಾಡುವುದಿಲ್ಲ. ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಕಿಟಕಿ ತೆರೆದು, ಮೊದಲು "ವ್ಯಾಲಿಡೇಟ್" ಜೊತೆ ಓಡಿಸಿದೆ. ಅದು ಏನನ್ನೂ ಬದಲಿಸುವುದಿಲ್ಲ, ಆಗುತ್ತದಾ ಇಲ್ಲವಾ ಅಂತ ಮಾತ್ರ ಹೇಳುತ್ತದೆ. ಪ್ರೈಮರಿ ವಿಭಾಗ ಮೂರಕ್ಕಿಂತ ಜಾಸ್ತಿ ಇದ್ದರೆ ಆಗುವುದಿಲ್ಲ ಅನ್ನುತ್ತದೆ. ನನ್ನದರಲ್ಲಿ ಎರಡೇ ಇತ್ತು. ಸರಿ ಅಂದಮೇಲೆ "ಕನ್ವರ್ಟ್" ಕೊಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ. ಬಯಾಸ್‌ಗೆ ಹೋಗಿ ಸಿಎಸ್‌ಎಮ್ ಆಫ್ ಮಾಡಿದೆ. ಈ ಸಲ ವಿಂಡೋಸ್ ಬಂತು. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಬಳಸುವವರು ಮಾತ್ರ ಇಂಥ ಯಾವ ಕೆಲಸಕ್ಕೂ ಮುಂಚೆ ಅದನ್ನು ಸಸ್ಪೆಂಡ್ ಮಾಡಿ, ರಿಕವರಿ ಕೀ ಬೇರೆಡೆ ಬರೆದಿಟ್ಟುಕೊಳ್ಳಿ. ಬೂಟ್ ರೀತಿ ಬದಲಾದರೆ ಅದು ಕೀ ಕೇಳಬಹುದು.

ಇಷ್ಟಾದರೂ ನನ್ನ ಬಯಾಸ್‌ನಲ್ಲಿ ರೀಬಾರ್ ಅನ್ನುವ ಸಾಲೇ ಕಾಣಲಿಲ್ಲ. ಬೋರ್ಡ್ ಕೊಂಡಾಗಿನ ಬಯಾಸ್ ಇನ್ನೂ ಅದರಲ್ಲಿತ್ತು, ಒಮ್ಮೆಯೂ ಅಪ್‌ಡೇಟ್ ಮಾಡಿರಲಿಲ್ಲ. ಬೋರ್ಡ್ ತಯಾರಕರ ಪುಟದಿಂದ ಹೊಸದನ್ನು ಇಳಿಸಿ, ಫ್ಯಾಟ್32 ಮಾಡಿದ ಪೆನ್‌ಡ್ರೈವ್‌ಗೆ ಹಾಕಿ, ಬಯಾಸ್ ಒಳಗಿನಿಂದಲೇ ಅಪ್‌ಡೇಟ್ ಮಾಡಿದೆ. ಆ ಐದು ನಿಮಿಷ ಕರೆಂಟ್ ಹೋಗಬಾರದು ಅಷ್ಟೇ. ಹೊಸ ಬಯಾಸ್‌ನಲ್ಲಿ ಆ ಸಾಲು ಇತ್ತು. ಅಬೋವ್ 4ಜಿ ಆನ್, ರೀಬಾರ್ ಆನ್, ಸೇವ್. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ "ರೀಸೈಜಬಲ್ ಬಾರ್: ಯೆಸ್" ಅಂತ ಬಂತು.

ಬೀದಿಗೆ ಹೊರಟೆ. ಸರಾಸರಿ 73. ಲೋ 44.

ಕಡಿಮೆಯಾಗಿತ್ತು! 84 ಇದ್ದದ್ದು 73ಕ್ಕೆ ಇಳಿದಿತ್ತು. ಮೂರು ಸಲ ಅಲ್ಲ, ಆರು ಸಲ ನಡೆದೆ. ಅದೇ. ರೀಬಾರ್‌ನಿಂದ ಕೆಲವು ಗೇಮ್ ನಿಧಾನವಾಗುವುದೂ ಉಂಟು, ಅದಕ್ಕೇ ಎನ್‌ವಿಡಿಯಾ ತನ್ನ ಡ್ರೈವರ್‌ನಲ್ಲಿ ಗೇಮ್ ನೋಡಿ ಅದನ್ನು ಆನ್ ಮಾಡುತ್ತದೆ. ಹಾಗಾಗಿ ತಪ್ಪು ರೀಬಾರ್‌ನದೇ ಅಂದುಕೊಂಡು ಆಫ್ ಮಾಡಿದೆ. ಮತ್ತೆ ನಡೆದೆ. 72. ಈಗ ನಿಜಕ್ಕೂ ಗೊಂದಲವಾಯಿತು. ದಾರಿ ನೋಡಿದೆ, 4.0 ಇದೆ. ರೀಬಾರ್ ಆಫ್ ಇದೆ. ಎಲ್ಲ ಮೊದಲಿನ ಹಾಗೇ ಇದೆ, ಆದರೂ ನಿಧಾನ.

ಉತ್ತರ ಆ ಕೋಣೆಯಲ್ಲಿ ಸದ್ದು ಮಾಡುತ್ತಲೇ ಇತ್ತು. ಕ್ಯಾಬಿನೆಟ್‌ನ ಫ್ಯಾನ್‌ಗಳು ಜೋರಾಗಿ ತಿರುಗುತ್ತಿದ್ದವು. ನಾನು ಅವನ್ನು ನಿಧಾನಕ್ಕೆ ತಿರುಗುವ ಹಾಗೆ ಬಯಾಸ್‌ನಲ್ಲಿ ಹೊಂದಿಸಿಟ್ಟಿದ್ದೆ. ಆ ಹೊಂದಿಕೆ ಯಾಕೆ ಹೋಯಿತು? ಯಾಕೆಂದರೆ ಅಪ್‌ಡೇಟ್ ಮಾಡಿದಾಗ ಬಯಾಸ್‌ನಲ್ಲಿದ್ದ ನನ್ನ ಎಲ್ಲ ಸೆಟ್ಟಿಂಗ್ ಅಳಿಸಿಹೋಗಿತ್ತು. ಫ್ಯಾನ್‌ನದು ಹೋಗಿದ್ದರೆ ಇನ್ನೇನೇನು ಹೋಗಿದೆ?

ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡಿದೆ. ಸ್ಪೀಡ್ 2133.

3200ರ ರ‍್ಯಾಮ್ ಸಾಮಾನ್ಯವಾಗಿ ತಾನಾಗಿ 3200ರಲ್ಲಿ ಓಡುವುದಿಲ್ಲ. ಎಕ್ಸ್‌ಎಮ್‌ಪಿ ಅನ್ನುವ ಪ್ರೊಫೈಲ್ ಆನ್ ಮಾಡಿದರೆ ಮಾತ್ರ. ಇಲ್ಲದಿದ್ದರೆ ಎಲ್ಲ ಬೋರ್ಡ್‌ಗೂ ಹೊಂದುವ ಸುರಕ್ಷಿತ ವೇಗಕ್ಕೆ ಇಳಿಯುತ್ತದೆ, ನನ್ನ ಕಡ್ಡಿಗಳಿಗೆ ಅದು 2133. ಡಿಡಿಆರ್5 ಇರುವ ಎಎಮ್‌ಡಿ ಬೋರ್ಡ್‌ಗಳಲ್ಲಿ ಇದೇ ಕೆಲಸಕ್ಕೆ ಎಕ್ಸ್‌ಪೋ ಅನ್ನುವ ಹೆಸರು. ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ರ‍್ಯಾಮ್ ಯಾಕೆ ಅಂತ ಕೇಳಬಹುದು. ಕಾರ್ಡ್‌ಗೆ ಯಾವ ಚಿತ್ರ ಬರೆಯಬೇಕು ಅಂತ ಪ್ರತಿ ಫ್ರೇಮ್‌ಗೂ ಹೇಳುವುದು ಪ್ರೊಸೆಸರ್. ಪ್ರೊಸೆಸರ್‌ಗೆ ಮಾಹಿತಿ ಬರುವುದು ರ‍್ಯಾಮ್‌ನಿಂದ. ರೈಜೆನ್‌ನಲ್ಲಂತೂ ಒಳಗಿನ ಭಾಗಗಳನ್ನು ಜೋಡಿಸುವ ಇನ್‌ಫಿನಿಟಿ ಫ್ಯಾಬ್ರಿಕ್‌ನ ವೇಗವೂ ಸಾಮಾನ್ಯವಾಗಿ ರ‍್ಯಾಮ್ ಜೊತೆಗೇ ಏರುತ್ತದೆ, ಇಳಿಯುತ್ತದೆ. ಮೇಲಾಗಿ ನನ್ನ ಬೀದಿಯಲ್ಲಿ ತುಳುಕಿದ ಟೆಕ್ಸ್‌ಚರ್ ಬರುವುದೂ ರ‍್ಯಾಮ್‌ನಿಂದಲೇ.

ಈ ಸಲ ಒಂದೊಂದನ್ನೇ ಮಾಡಿದೆ. ಮೊದಲು ಎಕ್ಸ್‌ಎಮ್‌ಪಿ ಮಾತ್ರ ಆನ್. ಸರಾಸರಿ 85, ಲೋ 58. ಕಳೆದುಕೊಂಡದ್ದು ವಾಪಸ್ ಬಂತು. ಆಮೇಲೆ ರೀಬಾರ್ ಆನ್. 87, 60. ಎರಡು ಫ್ರೇಮ್. ಅಷ್ಟು ಓಡಾಡಿ ತಂದ ರೀಬಾರ್ ಈ ಗೇಮ್‌ನಲ್ಲಿ ಕೊಟ್ಟದ್ದು ಅಷ್ಟೇ. ಇನ್ನೊಂದು ಗೇಮ್‌ನಲ್ಲಿ ಸ್ವಲ್ಪ ಜಾಸ್ತಿ ಕೊಟ್ಟಿತು, ಮೂರನೆಯದರಲ್ಲಿ ಏನೂ ಇಲ್ಲ. ಇಂಟೆಲ್ ಆರ್ಕ್ ಕಾರ್ಡ್ ಇರುವವರಿಗೆ ಮಾತ್ರ ಈ ಮಾತು ಹೊಂದುವುದಿಲ್ಲ. ಅವು ರೀಬಾರ್ ಇಲ್ಲದೆ ತುಂಬಾ ಸೊರಗುತ್ತವೆ, ರೀಬಾರ್ ಇರಲೇಬೇಕು ಅಂತ ಇಂಟೆಲ್ ತಾನೇ ಹೇಳುತ್ತದೆ. ಬೇರೆಯವರು ಎಂಬಿಆರ್ ಡಿಸ್ಕ್ ಇಟ್ಟುಕೊಂಡಿದ್ದರೆ, ಬರೀ ರೀಬಾರ್‌ಗಾಗಿ ಇಷ್ಟೆಲ್ಲ ಮಾಡುವ ಅವಸರ ಬೇಡ ಅಂತ ನನ್ನ ಅಭಿಪ್ರಾಯ. ದಾರಿಯ ವೇಗ ಮತ್ತು ರ‍್ಯಾಮ್‌ನ ವೇಗ ಇವೆರಡನ್ನು ಮಾತ್ರ ಇವತ್ತೇ ನೋಡಿ. ಎರಡಕ್ಕೂ ಸೇರಿ ಐದು ನಿಮಿಷ ಸಾಕು.

ಆ ವಾರವೇ ಒಬ್ಬ ಸ್ನೇಹಿತನ ಪಿಸಿಯನ್ನೂ ಇದೇ ಕಣ್ಣಿನಿಂದ ನೋಡಿದೆ. ಅವನ ಕಾರ್ಡ್ "ಎಕ್ಸ್4 3.0" ಅಂತ ತೋರಿಸುತ್ತಿತ್ತು. ಬಯಾಸ್‌ನಲ್ಲಿ ಎಲ್ಲ ಆಟೋ ಇತ್ತು. ಬಾಗಿಲು ತೆಗೆದು ನೋಡಿದರೆ ಕಾರ್ಡ್ ಎರಡನೇ ಉದ್ದ ಸ್ಲಾಟ್‌ನಲ್ಲಿ ಕೂತಿತ್ತು, ಮೇಲೆ ಕೂಲರ್‌ಗೆ ಜಾಗ ಬಿಡಲು. ನೋಡಲು ಎರಡೂ ಸ್ಲಾಟ್ ಒಂದೇ ಉದ್ದ. ಆದರೆ ಅವನ ಬೋರ್ಡ್‌ನಲ್ಲಿ ಎರಡನೆಯದಕ್ಕೆ ಇದ್ದದ್ದು ಚಿಪ್‌ಸೆಟ್ ಮೂಲಕ ಬರುವ 4 ಲೇನ್ ಮಾತ್ರ. ಸ್ಲಾಟ್‌ನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಲೋಹದ ಪಿನ್‌ಗಳು ಒಂದು ತುದಿಗೇ ನಿಂತುಬಿಟ್ಟಿರುವುದು ಕಾಣುತ್ತಿತ್ತು. ಮೇಲಿನ ಸ್ಲಾಟ್‌ಗೆ ಬದಲಿಸಿದೆವು, ಸರಿಯಾಯಿತು. ಕೆಲವು ಬೋರ್ಡ್‌ಗಳಲ್ಲಿ ಎಂ.2 ಅನ್ನುವ ಪುಟ್ಟ ಡಿಸ್ಕ್ ಜಾಗ ಒಂದಕ್ಕೆ ಎಸ್‌ಎಸ್‌ಡಿ ಹಾಕಿದರೆ ಮೊದಲ ಸ್ಲಾಟ್ 16ರಿಂದ 8ಕ್ಕೆ ಇಳಿಯುತ್ತದೆ. ಬೋರ್ಡ್‌ನ ಕೈಪಿಡಿಯಲ್ಲಿ ಲೇನ್ ಹಂಚಿಕೆಯ ಪಟ್ಟಿ ಇರುತ್ತದೆ. ಇಡೀ ಕೈಪಿಡಿ ಓದದಿದ್ದರೂ ಆ ಒಂದು ಪುಟ ಓದಿ.

ಒಂದು ಅನುಮಾನ ಮಾತ್ರ ಉಳಿದಿತ್ತು. ಜೆನ್ 2ಕ್ಕೆ ಕಟ್ಟಿದ್ದಕ್ಕೆ ಆಗ ಕಾರಣ ಇತ್ತು. ಆ ಕಾರಣ ಕೇಬಲ್ ಮಾತ್ರವಾ, ಅಥವಾ ಸ್ಲಾಟ್‌ನಲ್ಲೇ ತೊಂದರೆ ಇತ್ತಾ? ಎರಡು ವಾರ ದಿನಾ ರಾತ್ರಿ ಪಿಸಿ ಆರಿಸುವ ಮೊದಲು ಇವೆಂಟ್ ವ್ಯೂಯರ್ ತೆರೆದು ನೋಡಿದೆ. ಇವೆಂಟ್ 17 ಒಂದೂ ಇಲ್ಲ, 4.0ರಲ್ಲಿ ಓಡುತ್ತಿದ್ದರೂ ಇಲ್ಲ. ಸ್ಲಾಟ್ ಗಟ್ಟಿಯಾಗಿದೆ. ಹದಿನೈದನೇ ದಿನ ಡ್ರಾಯರ್‌ನಿಂದ ರೈಸರ್ ಕೇಬಲ್ ಹೊರಗೆ ತೆಗೆದೆ. ಅದರ ಚಪ್ಪಟೆ ಬೆನ್ನಿನ ಮೇಲೆ ಬಿಳಿ ಮಾರ್ಕರ್‌ನಿಂದ "ಜೆನ್ 2 ಮಾತ್ರ. ತೆಗೆದರೆ ಬಯಾಸ್‌ನಲ್ಲಿ ಆಟೋ ಮಾಡು" ಅಂತ ಬರೆದು, ಒಣಗುವವರೆಗೆ ಕಾದು, ಮತ್ತೆ ಒಳಗಿಟ್ಟೆ.